ಗಿರಾಕಿಯ ಲೆಕ್ಕ ನಿಮ್ಮ ಕೈಯಲ್ಲಿರಲಿ

ತಮ್ಮಾ, ತಂಗಿ, ಹತ್ತಿಮತ್ತೂರಿನಲ್ಲಿ ಕೂತು ನೀವಿಬ್ಬರೂ ನಡೆಸುತ್ತಿರುವ ಜಾಲತಾಣವನ್ನು ನಾನು ಬಿಡದೆ ಓದುತ್ತೇನೆ. ಮೆಣಸಿನಕಾಯಿ ಒಣಗಿಸುವ ಕಣ, ಸವಣೂರಿನ ಎಲೆಬಳ್ಳಿ ತೋಟ, ಖಾರಾ ಕರಿಯುವ ಒಲೆ, ಇವುಗಳ ಬಗ್ಗೆ ನೀವು ಬರೆದದ್ದನ್ನು ಓದಿದವರು ಈಗ "ನಮಗೂ ಒಂದಿಷ್ಟು ಕಳಿಸಿಕೊಡ್ತೀರೇನು?" ಎಂದು ಕೇಳತೊಡಗಿದ್ದಾರೆ. ಅದೇ ಜಾಲತಾಣದಲ್ಲಿ ಅಂಗಡಿ ತೆರೆಯಬೇಕು, ಯಾವ ಶಾಪಿಂಗ್ ಕಾರ್ಟ್ ಹಾಕೋಣ ಎಂಬುದು ನಿಮ್ಮ ಪ್ರಶ್ನೆ. ಹಾವೇರಿ ಜಿಲ್ಲೆಯ ಸಣ್ಣ ವ್ಯಾಪಾರಸ್ಥರಿಗೆ ಜಾಲತಾಣ ಕಟ್ಟಿಕೊಡುತ್ತಲೇ ತಲೆ ನರೆತವನು ನಾನು. ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಹೆಸರಿಗಿಂತ ಮುಂಚೆ ಗೊತ್ತಿರಬೇಕಾದ ಸಂಗತಿಗಳಿವೆ.

ಕಾರ್ಟ್ ಆರಿಸಲು ಕೂತವರು ಮೊದಲು ನೋಡುವುದು ಅಂಗಡಿಯ ಮುಖವನ್ನು. ಚಿತ್ರ ಎಷ್ಟು ದೊಡ್ಡದಾಗಿ ಕಾಣುತ್ತದೆ, ಗುಂಡಿ ಯಾವ ಬಣ್ಣದ್ದು, ಥೀಮ್ ಚಂದ ಇದೆಯೇ, ಇಷ್ಟೇ. ಸರಕನ್ನು ಬುಟ್ಟಿಗೆ ಹಾಕುವ ಕೆಲಸವನ್ನು ಎಲ್ಲ ಕಾರ್ಟುಗಳೂ ಮಾಡುತ್ತವೆ, ಅದರಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ. ವ್ಯತ್ಯಾಸ ಗೊತ್ತಾಗುವುದು ಗಿರಾಕಿ ದುಡ್ಡು ಕೊಟ್ಟ ಮೇಲೆ. ಇನ್ನೂ ದೊಡ್ಡ ವ್ಯತ್ಯಾಸ ಗೊತ್ತಾಗುವುದು ಆ ತಂತ್ರಾಂಶವನ್ನು ಬಿಡಬೇಕಾಗಿ ಬಂದ ದಿನ. ಕಾರ್ಟ್ ಎಂದರೆ ದಲಾಲಿ ಅಂಗಡಿಯ ಕಿರ್ದಿ ಪುಸ್ತಕ ಇದ್ದ ಹಾಗೆ: ಯಾರು ಕೊಂಡರು, ಏನು ಕೊಂಡರು, ಎಷ್ಟು ಕೊಟ್ಟರು ಎಂಬುದೆಲ್ಲ ಅದರಲ್ಲಿರುತ್ತದೆ. ಆ ಪುಸ್ತಕ ಯಾರ ಪೆಟ್ಟಿಗೆಯಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಕಾರ್ಟ್ ತಂತ್ರಾಂಶಗಳ ಆಯುಷ್ಯ ಬಹಳ ದೊಡ್ಡದಲ್ಲ. 2000ದ ನಂತರದ ವರ್ಷಗಳಲ್ಲಿ ಓಎಸ್‌ಕಾಮರ್ಸ್ ಎಂದರೆ ಎಲ್ಲರಿಗೂ ಗೊತ್ತಿತ್ತು. ಅದರ ಕೊಂಬೆಯಾಗಿ ಜೆನ್‌ಕಾರ್ಟ್ ಬಂತು. ಜೂಮ್ಲಾದಲ್ಲಿ ತಾಣ ಕಟ್ಟಿದವರು ವರ್ಚುಮಾರ್ಟ್ ಹಾಕಿಕೊಂಡರು, ದ್ರುಪಲ್‌ನವರು ಉಬರ್‌ಕಾರ್ಟ್ ಹಾಕಿಕೊಂಡರು, ಆಮೇಲೆ ದ್ರುಪಲ್ ಕಾಮರ್ಸ್‌ಗೆ ಹೊರಳಿದರು. 2008ರಲ್ಲಿ ಮಜೆಂಟೊ ಬಂದಾಗ ಇನ್ನು ಇದೇ ಶಾಶ್ವತ ಎಂದು ನಂಬಿದವರು ಬಹಳ. 2018ರಲ್ಲಿ ಅದನ್ನು ಅಡೋಬಿ ಕೊಂಡಿತು, 2020ರ ಜೂನ್‌ನಲ್ಲಿ ಅದರ ಮೊದಲ ತಲೆಮಾರಿನ ಆವೃತ್ತಿಗೆ ಸುರಕ್ಷತಾ ತಿದ್ದುಪಡಿಗಳು ನಿಂತವು. ಹಳೆಯ ಥೀಮು, ಹಳೆಯ ಎಕ್ಸ್‌ಟೆನ್ಶನ್ನುಗಳು ಎರಡನೆಯ ಆವೃತ್ತಿಗೆ ಹೊಂದದ ಕಾರಣ ಅಂಗಡಿಗಳನ್ನು ಬುಡದಿಂದ ಕಟ್ಟಬೇಕಾಯಿತು. ಆಗ ಉಳಿದುಕೊಂಡವರು ಸರಕಿನ ಪಟ್ಟಿ, ಗಿರಾಕಿ ಪಟ್ಟಿ, ಆರ್ಡರುಗಳ ಲೆಕ್ಕ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದವರು. ನಮ್ಮ ಜಿಲ್ಲೆಯಲ್ಲೇ ಒಬ್ಬರು ತಿಂಗಳ ಬಾಡಿಗೆಯ ಒಂದು ಸೇವೆಯಲ್ಲಿ ಅಂಗಡಿ ನಡೆಸುತ್ತಿದ್ದರು. ಆ ಸೇವೆ ಮುಚ್ಚಿತು. ಸರಕಿನ ಚಿತ್ರಗಳು ಹೋದದ್ದಕ್ಕೆ ಅವರು ಅಷ್ಟು ಮರುಗಲಿಲ್ಲ, ಮತ್ತೆ ತೆಗೆಯಬಹುದು. ವರ್ಷಗಟ್ಟಲೆ ಕೊಂಡವರ ಫೋನ್ ನಂಬರು, ವಿಳಾಸ ಮರಳಿ ಸಿಗಲಿಲ್ಲ. ಅದು ಅವರ ವ್ಯಾಪಾರದ ಬೇರು.

ಆದ್ದರಿಂದ ಯಾವ ಕಾರ್ಟೇ ಇರಲಿ, ಹಾಕುವ ಮುನ್ನ ಅದರಿಂದ ಹೊರಬರುವ ದಾರಿ ನೋಡಿ. ಸರಕು, ಗಿರಾಕಿ, ಆರ್ಡರು, ಈ ಮೂರೂ ಸಿಎಸ್‌ವಿ ಕಡತವಾಗಿ ಇಳಿಯಬೇಕು, ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಹೆಸರುಗಳು ಸರಿಯಾಗಿ ಕಾಣಬೇಕು.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಜಾಲತಾಣ ವರ್ಡ್‌ಪ್ರೆಸ್ ಮೇಲಿದೆ. ಅದನ್ನು ಬಿಟ್ಟು ಹೋಗಬೇಡಿ. ಬರಹ ಒಂದು ಕಡೆ, ಅಂಗಡಿ ಬೇರೆ ಕಡೆ ಎಂದು ಒಡೆಯಲೂ ಬೇಡಿ. ನಿಮ್ಮಲ್ಲಿಗೆ ಜನ ಬರುವುದು ಓದಲಿಕ್ಕೆ. ಡಬ್ಬಿ ಮೆಣಸಿನಕಾಯಿಗೂ ಕಡ್ಡಿ ಮೆಣಸಿನಕಾಯಿಗೂ ಏನು ಫರಕು, ಬಣ್ಣ ಯಾವುದರಲ್ಲಿ ಹೆಚ್ಚು ಎಂದು ಓದಿದವನಿಗೆ ಅದೇ ಪುಟದಲ್ಲಿ ಅರ್ಧ ಕಿಲೋ ಪೊಟ್ಟಣ ಕಂಡರೆ ಕೊಳ್ಳುತ್ತಾನೆ. ಬೇರೆ ಜಾಲತಾಣಕ್ಕೆ ಹೋಗು ಎಂದರೆ ಅರ್ಧ ದಾರಿಯಲ್ಲೇ ತಿರುಗುತ್ತಾನೆ. ಕನ್ನಡದಲ್ಲಿ ಋತುಮಾನ ಜಾಲತಾಣದವರು ಬರಹ ಪ್ರಕಟಿಸುತ್ತಲೇ ಪುಸ್ತಕ ಮಾರುತ್ತ ಬಂದದ್ದನ್ನು ನೀವೂ ನೋಡಿದ್ದೀರಿ. ಓದು ಮತ್ತು ಕೊಳ್ಳುವಿಕೆ ಹತ್ತಿರ ಹತ್ತಿರ ಇದ್ದಷ್ಟೂ ಸಣ್ಣವರಿಗೆ ಒಳ್ಳೆಯದು.

ವರ್ಡ್‌ಪ್ರೆಸ್ ಇದ್ದವರಿಗೆ ನನ್ನ ಮಾತು ವೂಕಾಮರ್ಸ್. 2011ರಲ್ಲಿ ಜಿಗೋಶಾಪ್ ಎಂಬ ಇನ್ನೊಂದು ಕಾರ್ಟಿನ ಕೋಡಿನಿಂದ ಕವಲೊಡೆದು ಹುಟ್ಟಿದ್ದು ಅದು. 2015ರಲ್ಲಿ ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿ ಅದನ್ನು ಕೊಂಡಿತು. ಕೋಡು ಮುಕ್ತ, ದುಡ್ಡು ಕೊಡಬೇಕಿಲ್ಲ, ಎಲ್ಲ ಲೆಕ್ಕವೂ ನೀವು ಬಾಡಿಗೆ ಕೊಡುವ ಹೋಸ್ಟಿಂಗ್‌ನಲ್ಲಿರುವ ನಿಮ್ಮದೇ ಡೇಟಾಬೇಸ್‌ನಲ್ಲಿ ಕೂರುತ್ತದೆ. ನಾಳೆ ಅದನ್ನು ನಡೆಸುವವರು ಕೈಬಿಟ್ಟರೂ ಕೋಡು ಮುಂದುವರಿಸಲು ಯಾರಿಗೂ ಅಡ್ಡಿಯಿಲ್ಲ. ಒಂದು ಕೊರತೆ ಹೇಳಬೇಕು. ಸರಕಿನ ಪಟ್ಟಿ ಸಲೀಸಾಗಿ ಸಿಎಸ್‌ವಿಯಾಗಿ ಇಳಿಯುತ್ತದೆ. ಆದರೆ ಆರ್ಡರುಗಳನ್ನು ಪೂರ್ತಿ ವಿಳಾಸ, ಫೋನ್ ನಂಬರು ಸಮೇತ ಇಳಿಸಲು ಬೇರೊಂದು ಪ್ಲಗಿನ್ ಬೇಕು. ಉಚಿತವಾದವೇ ಇವೆ, ಮೊದಲ ದಿನವೇ ಹಾಕಿಕೊಳ್ಳಿ. ನಿಮ್ಮ ಗೆಳೆಯರಲ್ಲಿ ಯಾರದಾದರೂ ತಾಣ ದ್ರುಪಲ್ ಮೇಲಿದ್ದರೆ ಅವರು ದ್ರುಪಲ್ ಕಾಮರ್ಸ್ ನೋಡಲಿ, ಜೂಮ್ಲಾ ಇದ್ದರೆ ವರ್ಚುಮಾರ್ಟ್ ಅಥವಾ ಹಿಕಾಶಾಪ್. ಮೂರು ಮತ್ತೊಂದು ಸರಕಿಗಾಗಿ ಇರುವ ತಾಣವನ್ನೇ ಕಿತ್ತು ಕಟ್ಟುವುದು ಬೇಡ.

ಶಾಪಿಫೈ ಬಗ್ಗೆಯೂ ಕೇಳಿದ್ದಿರಿ. ಒಳ್ಳೆಯ ಸೇವೆ, ಸುಲಭ. ತಾಂತ್ರಿಕ ಕೆಲಸಕ್ಕೆ ಯಾರೂ ಇಲ್ಲದ, ದಿನಕ್ಕೆ ಹತ್ತಾರು ಆರ್ಡರು ಬರುವ ಅಂಗಡಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಪ್ರತಿ ತಿಂಗಳು ಬಾಡಿಗೆ, ಹೊರಗಿನ ಪಾವತಿ ಗೇಟ್‌ವೇ ಬಳಸಿದರೆ ಅದರ ಮೇಲೆ ಬೇರೆ ಶುಲ್ಕ. ಮಾರಾಟ ಇಲ್ಲದ ತಿಂಗಳೂ ಬಾಡಿಗೆ ತಪ್ಪುವುದಿಲ್ಲ. ಮೆಣಸಿನಕಾಯಿಯ ವ್ಯಾಪಾರ ಸುಗ್ಗಿಯಲ್ಲಿ ಏರುತ್ತದೆ, ಮಳೆಗಾಲದಲ್ಲಿ ಮಲಗುತ್ತದೆ. ನಿಮಗೆ ಅದು ಸದ್ಯಕ್ಕೆ ಬೇಡ.

ಇನ್ನು ನಿಮ್ಮ ಸರಕು. ಎರಡೋ ಮೂರೋ ವಸ್ತು ಇದ್ದಿದ್ದರೆ ಕಾರ್ಟೇ ಬೇಡ, ಒಂದು ಪಾವತಿ ಲಿಂಕು ಮತ್ತು ವಿಳಾಸ ತುಂಬುವ ಒಂದು ಫಾರಮ್ ಸಾಕು ಎನ್ನುತ್ತಿದ್ದೆ. ನಿಮ್ಮ ಪಟ್ಟಿಯಲ್ಲಿ ಡಬ್ಬಿ, ಕಡ್ಡಿ, ಖಾರದ ಪುಡಿ, ಶೇಂಗಾ ಚಟ್ನಿಪುಡಿ, ಸವಣೂರು ಖಾರಾ ಇವೆ, ಪ್ರತಿಯೊಂದಕ್ಕೂ ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋ. ಇದಕ್ಕೆ ಕಾರ್ಟ್ ಬೇಕು. ವೀಳ್ಯದೆಲೆಯನ್ನು ಮಾತ್ರ ಪಟ್ಟಿಯಿಂದ ತೆಗೆಯಿರಿ. ಸವಣೂರಿನ ಎಲೆಗೆ ಎಷ್ಟು ಹೆಸರಿದ್ದರೂ ಪಾರ್ಸಲಿನಲ್ಲಿ ನಾಲ್ಕು ದಿನ ಕೂತ ಎಲೆ ಆ ಹೆಸರನ್ನು ಕೆಡಿಸುತ್ತದೆ.

ತೂಕದ ವಿಷಯದಲ್ಲಿ ಒಂದು ಎಚ್ಚರ. ಕಾರ್ಟ್ ತಂತ್ರಾಂಶ ಪೊಟ್ಟಣ ಎಣಿಸುತ್ತದೆ, ಕಿಲೋ ಎಣಿಸುವುದಿಲ್ಲ. ನಿಮ್ಮ ಹತ್ತಿರ 40 ಕಿಲೋ ಕಡ್ಡಿ ಮೆಣಸಿನಕಾಯಿ ಇದೆ ಎಂದು 40 ಎಂದು ನಮೂದಿಸಿದರೆ, ಕಾಲು ಕಿಲೋ ಪೊಟ್ಟಣ ಹೋದರೂ ಒಂದು ಕಳೆಯುತ್ತದೆ, ಕಿಲೋ ಪೊಟ್ಟಣ ಹೋದರೂ ಒಂದೇ ಕಳೆಯುತ್ತದೆ. ಆದ್ದರಿಂದ ಕಟ್ಟಿಟ್ಟ ಪೊಟ್ಟಣಗಳನ್ನು ಅಳತೆವಾರು ಎಣಿಸಿ, ಪ್ರತಿ ಅಳತೆಗೂ ಬೇರೆ ದಾಸ್ತಾನು ಹಾಕಿ. ಹಾಗೆಯೇ ವೂಕಾಮರ್ಸ್‌ನ ಮೂಲ ಕಟ್ಟಿನಲ್ಲಿ ತೂಕದ ಮೇಲೆ ಸಾಗಣೆ ವೆಚ್ಚ ಲೆಕ್ಕ ಹಾಕುವ ವ್ಯವಸ್ಥೆಯಿಲ್ಲ. ಸ್ಪೀಡ್ ಪೋಸ್ಟ್ ಇರಲಿ, ಕೊರಿಯರ್ ಇರಲಿ, ದರ ತೂಕ ಮತ್ತು ದೂರದ ಮೇಲೆ. ಹತ್ತಿಮತ್ತೂರಿನಿಂದ ಹುಬ್ಬಳ್ಳಿಗೆ ಅರ್ಧ ಕಿಲೋ ಕಳಿಸುವುದೂ ದಿಲ್ಲಿಗೆ ಮೂರು ಕಿಲೋ ಕಳಿಸುವುದೂ ಒಂದೇ ದರ ಎಂದು ಇಟ್ಟರೆ ದಿಲ್ಲಿಯ ಪ್ರತಿ ಆರ್ಡರಿಗೂ ನಿಮ್ಮ ಲಾಭ ಅಂಚೆಗೆ ಹೋಗುತ್ತದೆ. ತೂಕದ ಪಟ್ಟಿ ಹಾಕಲು ಬಿಡುವ ಸಾಗಣೆ ಪ್ಲಗಿನ್ನಿಗೆ ದುಡ್ಡು ಕೊಡಬೇಕಾಗಿ ಬಂದರೆ ಕೊಡಿ. ಥೀಮಿಗೆ ಕೊಡಬೇಡಿ, ಇದಕ್ಕೆ ಕೊಡಿ.

ಈಗ ದುಡ್ಡು ಬರುವ ದಾರಿ. ಇದನ್ನು ಸಮಾಧಾನದಿಂದ ಓದಿ, ಏಕೆಂದರೆ ನಮ್ಮ ಕಡೆ ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಯುಪಿಐ 2016ರಲ್ಲಿ ಶುರುವಾದ ಮೇಲೆ ಸಂತೆಯ ತರಕಾರಿ ಕಟ್ಟೆಗೂ ಬಂತು, ನಿಮ್ಮ ಗಿರಾಕಿಗಳಲ್ಲಿ ಬಹುಪಾಲು ಅದರಲ್ಲೇ ಕೊಡುತ್ತಾರೆ. ಮೊಬೈಲಿನಲ್ಲಿ ಆಗುವುದೇನು? ಗಿರಾಕಿ ನಿಮ್ಮ ಪುಟದಲ್ಲಿ ಕೊಳ್ಳುವ ಗುಂಡಿ ಒತ್ತುತ್ತಾನೆ, ಯುಪಿಐ ಆ್ಯಪ್ ತೆರೆಯುತ್ತದೆ, ಪಿನ್ ಹಾಕುತ್ತಾನೆ, ದುಡ್ಡು ಕಡಿತವಾಗುತ್ತದೆ. ಆಮೇಲೆ ನಿಮ್ಮ ಪುಟಕ್ಕೆ ಮರಳಬೇಕು. ಮರಳುವ ಹೊತ್ತಿಗೆ ನೆಟ್‌ವರ್ಕ್ ಹೋಗಿರುತ್ತದೆ, ಇಲ್ಲವೇ ಮೆಮೊರಿ ಕಡಿಮೆಯಿರುವ ಫೋನು ಬ್ರೌಸರನ್ನು ಮುಚ್ಚಿರುತ್ತದೆ. ಗಿರಾಕಿಯ ಖಾತೆಯಿಂದ ದುಡ್ಡು ಹೋಗಿದೆ, ಗೇಟ್‌ವೇಗೆ ಬಂದಿದೆ, ನಿಮ್ಮ ಅಂಗಡಿಗೆ ಮಾತ್ರ ಗೊತ್ತಿಲ್ಲ. ಅಲ್ಲಿ ಆರ್ಡರು "ಪಾವತಿ ಬಾಕಿ" ಎಂದೇ ಕೂತಿರುತ್ತದೆ. ವೂಕಾಮರ್ಸ್ ಸುಮ್ಮನೆ ಬಿಟ್ಟರೆ 60 ನಿಮಿಷ ಸರಕು ಹಿಡಿದಿಟ್ಟು, ಆಮೇಲೆ ಆರ್ಡರು ರದ್ದು ಮಾಡಿಬಿಡುತ್ತದೆ. ಗಿರಾಕಿ ಏನೆಂದುಕೊಳ್ಳುತ್ತಾನೆ? ದುಡ್ಡು ನುಂಗಿದರು ಎಂದೇ.

ಇದಕ್ಕೆ ಮದ್ದು ವೆಬ್‌ಹುಕ್. ಗಿರಾಕಿಯ ಬ್ರೌಸರನ್ನು ನಂಬಿ ಕೂರದೆ, ಗೇಟ್‌ವೇಯ ಸರ್ವರು ನಿಮ್ಮ ಅಂಗಡಿಯ ಸರ್ವರಿಗೆ ನೇರವಾಗಿ "ಈ ಆರ್ಡರಿನ ದುಡ್ಡು ಬಂದಿದೆ" ಎಂದು ತಿಳಿಸುವ ವ್ಯವಸ್ಥೆ ಅದು. ರೇಜರ್‌ಪೇ ಇರಲಿ, ಪೇಯು ಇರಲಿ, ಇನ್ನೊಂದಿರಲಿ, ಅದರ ಪ್ಲಗಿನ್ನಿನಲ್ಲಿ ವೆಬ್‌ಹುಕ್ ಇದೆಯೇ ಎಂದು ಮೊದಲು ಕೇಳಿ, ಹಾಕಿದ ಮೇಲೆ ಪರೀಕ್ಷೆ ಮಾಡಿ. ಒಂದು ರೂಪಾಯಿಯ ಸರಕೊಂದನ್ನು ಇಟ್ಟು ಕೊಂಡುಕೊಳ್ಳಿ. ಯುಪಿಐ ಪಿನ್ ಹಾಕಿದ ಕೂಡಲೇ ಬ್ರೌಸರ್ ಮುಚ್ಚಿಬಿಡಿ, ಮರಳಬೇಡಿ. ಐದು ನಿಮಿಷ ಬಿಟ್ಟು ನೋಡಿ. ಆರ್ಡರು ತಾನಾಗಿಯೇ "ಪ್ರಕ್ರಿಯೆಯಲ್ಲಿದೆ" ಎಂದು ಬದಲಾಗಿದ್ದರೆ ಸರಿ. ಇಲ್ಲವಾದರೆ ಅಂಗಡಿ ತೆರೆಯಬೇಡಿ.

ಗೇಟ್‌ವೇಗೆ ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸು ಶುಲ್ಕ, ಆ ಶುಲ್ಕದ ಮೇಲೆ 18 ಪ್ರತಿಶತ ಜಿಎಸ್‌ಟಿ. 500 ರೂಪಾಯಿಯ ಆರ್ಡರಿಗೆ 10 ರೂಪಾಯಿ ಶುಲ್ಕ ಎಂದರೆ 11 ರೂಪಾಯಿ 80 ಪೈಸೆ ಹೋಯಿತು. ಇದನ್ನು ಉಳಿಸಲು ಕೆಲವರು ತಮ್ಮ ಯುಪಿಐ ಕ್ಯೂಆರ್ ತೋರಿಸಿ, ಸ್ಕ್ರೀನ್‌ಶಾಟ್ ಕಳಿಸಿ ಎನ್ನುವ ಉಚಿತ ಪ್ಲಗಿನ್ ಹಾಕುತ್ತಾರೆ. ಗುರುತಿನವರ ನಡುವೆ ನಡೆದೀತು. ಅಪರಿಚಿತರ ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸಬೇಡಿ. ಕಾರ್ಡಿನ ನಂಬರನ್ನು ನಿಮ್ಮ ತಾಣದಲ್ಲಿ ಎಲ್ಲಿಯೂ ಬರೆಸಿಕೊಳ್ಳಬೇಡಿ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗಿರಾಕಿಯ ಕಾರ್ಡ್ ನಂಬರು ಇಟ್ಟುಕೊಳ್ಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟು ಮಾಡಿದೆ.

ಮನೆಗೆ ತಲುಪಿದ ಮೇಲೆ ದುಡ್ಡು ಎಂಬ ಪದ್ಧತಿ ನಮ್ಮ ಕಾಲಕ್ಕೆ ಹೊಸದಲ್ಲ. ಪುಸ್ತಕಗಳನ್ನು ವಿ.ಪಿ.ಪಿ. ಮೂಲಕ ತರಿಸಿಕೊಂಡು ಬೆಳೆದವರು ನಾವು, ಅಂಚೆಯವನಿಗೆ ದುಡ್ಡು ಕೊಟ್ಟರೆ ಕಟ್ಟು ಕೈಗೆ. ಬಿಡಿಸಿಕೊಳ್ಳದಿದ್ದರೆ ಖರ್ಚು ಕಳಿಸಿದವನ ತಲೆಗೆ. ಈಗಲೂ ಹಾಗೇ. ಪುಸ್ತಕ ಮರಳಿ ಬಂದರೆ ಮತ್ತೆ ಕಪಾಟಿಗೆ ಇಡಬಹುದು, ಎರಡು ವಾರ ಸುತ್ತಿ ಮೆತ್ತಗಾಗಿ ಬಂದ ಖಾರಾವನ್ನು ಯಾರಿಗೆ ಮಾರುತ್ತೀರಿ? ವೂಕಾಮರ್ಸ್‌ನಲ್ಲಿ ಈ ಸೌಲಭ್ಯವನ್ನು ಇಂಥ ಸಾಗಣೆ ವಿಧಾನಕ್ಕೆ ಮಾತ್ರ ಎಂದು ಕಟ್ಟಿಹಾಕಬಹುದು. ಹಾವೇರಿ, ಹುಬ್ಬಳ್ಳಿ, ಧಾರವಾಡದ ಪಿನ್‌ಕೋಡುಗಳಿಗೆ ಕೊಡಿ, ಅದರಾಚೆ ಬೇಡ.

ಇನ್ನೊಂದು ವಿಷಯ ಕನ್ನಡದ್ದು. ಇಂಗ್ಲಿಷಿನಲ್ಲಿ ಎಲ್ಲ ಸರಿ ಕಾಣುವ ಕಾರ್ಟ್ ಕನ್ನಡದಲ್ಲಿ ಎಡವುವ ಜಾಗ ಬಿಲ್ಲು. ಜಾಲಪುಟದಲ್ಲಿ ಅಕ್ಷರ ಕೂಡಿಸುವುದು ಬ್ರೌಸರ್, ಅದಕ್ಕೆ ಕನ್ನಡ ಬರುತ್ತದೆ. ಪಿಡಿಎಫ್ ಬಿಲ್ಲನ್ನು ತಯಾರಿಸುವುದು ಸರ್ವರಿನಲ್ಲಿರುವ ಬೇರೊಂದು ತಂತ್ರಾಂಶ. ಅನೇಕ ಬಿಲ್ ಪ್ಲಗಿನ್ನುಗಳು ಬಳಸುವ ಡಾಮ್‌ಪಿಡಿಎಫ್‌ಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ನಿಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ, ಅದರಲ್ಲಿ ಎರಡು ಒತ್ತು ಇವೆ. ಬಿಲ್ಲಿನಲ್ಲಿ "ಹತ್‌ತಿಮತ್‌ತೂರು" ಎಂದು ಮುದ್ರಣವಾಗುತ್ತದೆ. ಹೊಸ ಗಿರಾಕಿಗೆ ನಿಮ್ಮ ಹೆಸರು ಮೊದಲು ತಲುಪುವುದು ಆ ಕಾಗದದ ಮೇಲೆ. ಎಂಪಿಡಿಎಫ್ ಬಳಸುವ ಪ್ಲಗಿನ್ ಆರಿಸಿ ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಅಕ್ಷರಶೈಲಿ ಜೋಡಿಸಿದರೆ ಒತ್ತುಗಳು ಸರಿ ಕೂರುತ್ತವೆ. ಅದೂ ಆಗದಿದ್ದರೆ ಬಿಲ್ಲನ್ನು ಬ್ರೌಸರಿನಿಂದಲೇ ಮುದ್ರಿಸಿ. ಸರಕಿನ ವಿವರವನ್ನು ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಕಡತಗಳಿಂದ ಹಾಗೇ ಅಂಟಿಸಬೇಡಿ, ಯುನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ.

ವಿಳಾಸದ ಫಾರಮ್ಮೂ ನಗರದವರಿಗಾಗಿ ಮಾಡಿದ್ದು. ಅದರಲ್ಲಿ ಬೀದಿ ಇದೆ, ನಗರ ಇದೆ, ತಾಲೂಕು ಇಲ್ಲ. ನಮ್ಮ ಕಡೆಯ ಪಾರ್ಸಲು ಮುಟ್ಟಬೇಕಾದರೆ ಊರು, ಅಂಚೆ, ತಾಲೂಕು, ಜಿಲ್ಲೆ, ಗುರುತಿಗೆ ಒಂದು ಗುಡಿಯೋ ಶಾಲೆಯೋ ಬೇಕು. ಆ ಅಂಕಣಗಳನ್ನು ಸೇರಿಸಿ, ಬೇಡವಾದ "ಕಂಪನಿ" ಅಂಕಣ ತೆಗೆಯಿರಿ, ಮೊಬೈಲ್ ನಂಬರು ಕಡ್ಡಾಯ ಮಾಡಿ. ಖಾತೆ ತೆರೆದರೆ ಮಾತ್ರ ಮಾರುತ್ತೇವೆ ಎಂದು ಯಾರನ್ನೂ ತಡೆಯಬೇಡಿ. ಅರ್ಧ ಕಿಲೋ ಖಾರಾಕ್ಕಾಗಿ ಯಾರೂ ಹೊಸ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದಿಲ್ಲ.

ತೆರಿಗೆಯ ಮಾತು. ಕರ್ನಾಟಕದೊಳಗೆ ಮಾರಿದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಪಾಲು, ಹೊರರಾಜ್ಯಕ್ಕೆ ಮಾರಿದರೆ ಐಜಿಎಸ್‌ಟಿ ಒಂದೇ. ವೂಕಾಮರ್ಸ್‌ನ ತೆರಿಗೆ ಕೋಷ್ಟಕದಲ್ಲಿ ಕರ್ನಾಟಕದ ಎರಡು ಸಾಲುಗಳಿಗೆ ಆದ್ಯತೆ ಸಂಖ್ಯೆ ಒಂದಕ್ಕೆ 1, ಇನ್ನೊಂದಕ್ಕೆ 2 ಎಂದು ಬೇರೆ ಬೇರೆ ಕೊಡಬೇಕು. ಎರಡಕ್ಕೂ 1 ಎಂದೇ ಬಿಟ್ಟರೆ ಒಂದೇ ಸಾಲು ಲೆಕ್ಕಕ್ಕೆ ಬಂದು ಅರ್ಧ ತೆರಿಗೆ ಮಾತ್ರ ಬೀಳುತ್ತದೆ, ಉಳಿದರ್ಧ ನಿಮ್ಮ ಕೈಯಿಂದ. ತೆರಿಗೆ ಬದಲಾಗುತ್ತಲೂ ಇರುತ್ತದೆ: ಪೊಟ್ಟಣ ಕಟ್ಟಿ ಹೆಸರು ಹಾಕಿ ಮಾರುವ ಖಾರಾದಂಥ ಕುರುಕಲು ತಿನಿಸಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪ್ರತಿಶತಕ್ಕೆ ಇಳಿಯಿತು. ಕೋಷ್ಟಕದ ಸಾಲುಗಳನ್ನು ತಿದ್ದಿದರೆ ಆ ದರದ ಎಲ್ಲ ಸರಕಿಗೂ ಅನ್ವಯವಾಗುವ ಕಾರ್ಟ್ ಇದ್ದವರಿಗೆ ಅದು ಐದು ನಿಮಿಷದ ಕೆಲಸ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ, ವಹಿವಾಟು ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ಸ್ವಂತ ಹೊಲದ ಬೆಳೆ ಮಾರುವ ರೈತರಿಗೆ ನಿಯಮ ಬೇರೆ, ಅದನ್ನು ತೆರಿಗೆ ಸಲಹೆಗಾರರ ಹತ್ತಿರ ಕೇಳಿಕೊಳ್ಳಿ. ಅಲ್ಲಿಯವರೆಗೆ ಸಾಗಣೆ ವಲಯದಲ್ಲಿ ಕರ್ನಾಟಕ ಒಂದನ್ನೇ ಇಡಿ, ಬೇರೆ ರಾಜ್ಯದ ವಿಳಾಸ ಹಾಕಿದವರಿಗೆ ಸಾಗಣೆ ಲಭ್ಯವಿಲ್ಲ ಎಂದು ಕಾರ್ಟೇ ಹೇಳುತ್ತದೆ.

ಸರಕಿನ ಪುಟದಲ್ಲಿ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಿಸಿದವರ ಹೆಸರು ವಿಳಾಸ ಇರಬೇಕು, ಇದು 2018ರ ಜನವರಿಯಿಂದ ಆನ್‌ಲೈನ್ ಮಾರಾಟಕ್ಕೂ ಕಡ್ಡಾಯ. ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆಯೂ ಬೇಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ಕೇಳುವವರ ಹೆಸರು ತಾಣದಲ್ಲಿರಬೇಕು, ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇಂಥ ವಿವರಗಳಿಗೆ ಅಂಕಣ ಕೊಡದ ಕಾರ್ಟನ್ನು ಮುಟ್ಟಬೇಡಿ.

ಇನ್ನೊಂದು ಸಣ್ಣ ಆದರೆ ಅಪಾಯದ ಸಂಗತಿ ಕ್ಯಾಶಿಂಗ್, ಅಂದರೆ ಪುಟದ ಪ್ರತಿ ಕೂಡಿಟ್ಟು ತೋರಿಸುವುದು. ಪುಟ ಬೇಗ ತೆರೆಯಲೆಂದು ಕ್ಯಾಶಿಂಗ್ ಪ್ಲಗಿನ್ ಹಾಕಿರುತ್ತೀರಿ. ಬರಹದ ಪುಟಗಳಿಗೆ ಅದು ಒಳ್ಳೆಯದು. ಬುಟ್ಟಿ, ಪಾವತಿ, ಗಿರಾಕಿಯ ಖಾತೆ, ಈ ಮೂರು ಪುಟಗಳನ್ನು ಅದರಿಂದ ಹೊರಗಿಡಿ. ಇಡದಿದ್ದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಂಡೀತು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕರೂ 2024ರ ಮಾರ್ಚ್‌ನಲ್ಲಿ ದರ ಕುಸಿದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ಬೆಂಕಿ ಇಟ್ಟದ್ದನ್ನು ಕಂಡವರು ನೀವು. ಆನ್‌ಲೈನ್ ಅಂಗಡಿ ಹಾಕಿದರೆ ಮಾರುಕಟ್ಟೆಯ ಹಂಗೇ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೀಲಗಟ್ಟಲೆ ಬೆಳೆ ಇನ್ನೂ ಬ್ಯಾಡಗಿಗೇ ಹೋಗುತ್ತದೆ. ನಿಮ್ಮ ಅಂಗಡಿಯಿಂದ ಆರಿಸಿ ಕಟ್ಟಿದ ಪೊಟ್ಟಣ ಮಾತ್ರ ಹೋಗುತ್ತದೆ, ಅದಕ್ಕೆ ಒಳ್ಳೆಯ ಬೆಲೆ ಸಿಗುತ್ತದೆ, ಕೊಂಡವರು ಯಾರೆಂದು ನಿಮಗೆ ಗೊತ್ತಿರುತ್ತದೆ. ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಮಾರಿದರೆ ಗಿರಾಕಿ ಅವರವನಾಗಿ ಉಳಿಯುತ್ತಾನೆ, ಮುಂದಿನ ಸುಗ್ಗಿಗೆ ನೀವು ಅವನನ್ನು ಕರೆಯಲಾರಿರಿ. ಸ್ವಂತ ಕಾರ್ಟಿನ ಶ್ರಮವೆಲ್ಲ ಈ ಒಂದು ಕಾರಣಕ್ಕೆ.

ಹೊಸ ಸುಗ್ಗಿಯ ಮಾಲು ಕಣಕ್ಕೆ ಬರುವ ಮುನ್ನ ಅಂಗಡಿ ಸಿದ್ಧವಾಗಲಿ. ಮೊದಲ ಆರ್ಡರುಗಳನ್ನು ನಿಮ್ಮ ಮನೆಯವರ ಹೆಸರಲ್ಲೇ ಹಾಕಿ, ಪಾರ್ಸಲು ಕಳಿಸಿ, ಒಂದನ್ನು ರದ್ದು ಮಾಡಿ ದುಡ್ಡು ಮರಳಿಸಿ ನೋಡಿ. ಪ್ರತಿ ಶನಿವಾರ ರಾತ್ರಿ ಡೇಟಾಬೇಸಿನ ಪ್ರತಿಯನ್ನೂ ಆರ್ಡರುಗಳ ಸಿಎಸ್‌ವಿಯನ್ನೂ ಇಳಿಸಿ ಮನೆಯ ಹಾರ್ಡ್‌ಡಿಸ್ಕಿನಲ್ಲಿ ಇಡಿ. ತೆರಿಗೆ ಕೋಷ್ಟಕ, ವೆಬ್‌ಹುಕ್ ಹಾಕುವ ದಿನ ಹಾವೇರಿಗೆ ಬನ್ನಿ, ಕೂತು ಮಾಡೋಣ.